ಉತ್ತರ ಬೆಂಗಳೂರು ಸಂಹಿತೆ: ಅನ್ನಪಾನಾಧ್ಯಾಯ

‘ಅಥ’ ಶಬ್ದವು ಮಂಗಳಕರವೆಂದು ಬಲ್ಲವರು ಹೇಳಿರುವುದರಿಂದಲೂ, ಸಂಹಿತಾಕಾರರು ತಮ್ಮ ಅಧ್ಯಾಯಗಳನ್ನು ಅದರಿಂದಲೇ ತೊಡಗುವ ರೂಢಿಯಿರುವುದರಿಂದಲೂ, ಮಿಕ್ಕಾವ ವಿಷಯದಲ್ಲಿಯೂ ಅವರ ಹೋಲಿಕೆಗೆ ಬಾರದ ಈ ಲೇಖಕನು ಆ ಒಂದು ಶಬ್ದದ ಮಟ್ಟಿಗಾದರೂ ಅವರ ಪಂಕ್ತಿಯಲ್ಲಿ ಕುಳಿತುಕೊಳ್ಳುವ ಆಸೆಯಿಂದ, ‘ಅಥ’ ಎಂದು ಆರಂಭಿಸುತ್ತಾನೆ. ಶಾಸ್ತ್ರಗ್ರಂಥಕ್ಕೆ ಅನುಬಂಧಚತುಷ್ಟಯವು ಅವಶ್ಯವಷ್ಟೆ. ಇಲ್ಲಿ ವಿಷಯವು ಯಲಹಂಕ, ಹೆಬ್ಬಾಳ, ಯಶವಂತಪುರ, ಆರ್.ಟಿ. ನಗರಗಳೆಂಬ ನಾಲ್ಕು ಪಾದಗಳ ಮೇಲೆ ಕುಂಟುತ್ತ ನಿಂತಿರುವ ಭೂಭಾಗದ ನಿವಾಸಿಗಳ ಅನ್ನಪಾನವಿಧಿ. ಪ್ರಯೋಜನವು ಲೇಖಕನು ಕಳೆದ ತಿಂಗಳು ಕೇಳಿದ ಒಂದು ಉಪನ್ಯಾಸದ ಜೀರ್ಣೀಕರಣ. ಸಂಬಂಧವು ಅಜೀರ್ಣಕ್ಕೂ ಔಷಧಕ್ಕೂ ಇರತಕ್ಕದ್ದು. ಅಧಿಕಾರಿಯು ಇಂತಹ ಉಪನ್ಯಾಸಕ್ಕೆ ಒಮ್ಮೆಯಾದರೂ ಮುನ್ನೂರು ರೂಪಾಯಿ ತೆತ್ತು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮೂರು ತಾಸು ಕುಳಿತವನು.

ಮೊದಲು ದೇಶನಿರೂಪಣ. ಶಾಸ್ತ್ರದಲ್ಲಿ ದೇಶವು ಮೂರು ವಿಧ: ನೀರೂ ಮರವೂ ವಿರಳವಾದ ಜಾಂಗಲ, ನೀರು ತುಂಬಿ ತುಳುಕುವ ಆನೂಪ, ಇವೆರಡರ ಮಿಶ್ರಣವಾದ ಸಾಧಾರಣ. ಯಲಹಂಕ ಉಪನಗರವು, ಬೋರ್‌ವೆಲ್ ಬತ್ತಿ ಟ್ಯಾಂಕರಿನ ಹಾರ್ನಿಗಾಗಿ ಗೃಹಿಣಿಯರು ಕಿವಿಗೊಟ್ಟು ನಿಂತಿರುವ ಚೈತ್ರ ವೈಶಾಖಗಳಲ್ಲಿ, ನಿಸ್ಸಂಶಯವಾಗಿ ಜಾಂಗಲ. ಹೆಬ್ಬಾಳವು, ಒಂದು ಗಂಟೆಯ ಮಳೆಗೆ ಸರ್ವೀಸ್ ರಸ್ತೆಯು ಕೆರೆಯನ್ನು ತನ್ನ ಕಡೆಗೆ ಕರೆದುಕೊಳ್ಳುವುದರಿಂದ, ಆನೂಪ. ಯಶವಂತಪುರವು, ಮಾರುಕಟ್ಟೆ ಪ್ರಾಂಗಣದ ಈರುಳ್ಳಿಯ ಒಣಸಿಪ್ಪೆಯೂ ಕೊಳೆತ ಆಲೂಗಡ್ಡೆಯ ರಸವೂ ಒಂದೇ ನೆಲದಲ್ಲಿ ಕೂಡಿರುವುದರಿಂದ, ಸಾಧಾರಣ. ಆರ್.ಟಿ. ನಗರದ ವಿಷಯದಲ್ಲಿ ಆಚಾರ್ಯರಲ್ಲಿ ಭಿನ್ನಾಭಿಪ್ರಾಯವುಂಟು; ರವೀಂದ್ರನಾಥ ಠಾಗೋರರ ಪೂರ್ಣನಾಮವನ್ನು ಹೊತ್ತು ಹುಟ್ಟಿದ ಬಡಾವಣೆಯು ಎರಡು ಇಂಗ್ಲಿಷ್ ಅಕ್ಷರಗಳಿಗೆ ಸೊರಗಿರುವುದನ್ನು ಕಾಣುವಾಗ, ಅದನ್ನು ದೇಶವೆಂದು ಗಣಿಸುವುದಕ್ಕಿಂತ ಕಾರ್ಶ್ಯವೆಂಬ ರೋಗದ ದೃಷ್ಟಾಂತವೆಂದು ಗಣಿಸುವುದೇ ಲೇಸೆಂದು ಈ ಲೇಖಕನ ಮತ.

ಇನ್ನು ಸ್ರೋತೋವಿಚಾರ. ದೇಹದಲ್ಲಿ ಅನ್ನವಹ, ಉದಕವಹ, ಪ್ರಾಣವಹಾದಿ ಸ್ರೋತಸ್ಸುಗಳಿರುವಂತೆ, ಈ ಭೂಭಾಗದಲ್ಲಿ ಬಳ್ಳಾರಿ ರಸ್ತೆಯೆಂಬ ಒಂದೇ ಮಹಾಸ್ರೋತಸ್ಸಿದೆ. ಅದರ ಕಂಠದಲ್ಲಿ 2003ರಿಂದ ಹೆಬ್ಬಾಳ ಮೇಲ್ಸೇತುವೆಯೆಂಬ ಗ್ರಂಥಿಯಿದೆ. ರೋಗವು ಆರು ಹಂತಗಳಲ್ಲಿ ಬಲಿಯುವುದೆಂದು ಸುಶ್ರುತನು ಹೇಳಿದ ಷಟ್‌ಕ್ರಿಯಾಕಾಲಕ್ಕೆ ಇದಕ್ಕಿಂತ ಸ್ಫುಟವಾದ ಉದಾಹರಣೆಯನ್ನು ಲೇಖಕನು ಕಾಣನು. ಬೆಳಗ್ಗೆ ಎಂಟಕ್ಕೆ ಕೊಡಿಗೇಹಳ್ಳಿಯ ಬಳಿ ಸಂಚಯ. ಎಂಟೂಕಾಲಕ್ಕೆ ಎಸ್ಟೀಮ್ ಮಾಲ್ ಮುಂದೆ ಪ್ರಕೋಪ. ಅನಂತರ ನಾಗವಾರದ ಕಡೆಗೂ ಬಿ.ಇ.ಎಲ್. ವೃತ್ತದ ಕಡೆಗೂ ಪ್ರಸರ. ಮೇಲ್ಸೇತುವೆಯ ಬಾಯಲ್ಲಿ ಸ್ಥಾನಸಂಶ್ರಯ. ಹಿಂದೆಲ್ಲೋ ಆಂಬುಲೆನ್ಸಿನ ಕೂಗು ಕೇಳಿಬರುವುದು ವ್ಯಕ್ತಿ. ಆಟೋಗಳು ಕಾಲುದಾರಿಯನ್ನೇರುವುದು ಭೇದ. ಹೊಸ ಲೂಪುಗಳೆಂಬ ಶಸ್ತ್ರಕ್ರಿಯೆಯಾದ ಮೇಲೆ ರೋಗಿಗೆ ತುಸು ಉಸಿರಾಡುವಂತಾಗಿದೆಯೆಂದು ಕೆಲವರೂ, ಕಫವು ಮೇಖ್ರಿ ವೃತ್ತಕ್ಕೆ ಇಳಿದಿದೆಯಷ್ಟೆ ಎಂದು ಮತ್ತೆ ಕೆಲವರೂ ಹೇಳುತ್ತಾರೆ.

ಮುಂದೆ ಪ್ರಕೃತಿವಿಭಾಗ. ಚರಕನು ವಾತದಿಂದ ಎಂಬತ್ತು, ಪಿತ್ತದಿಂದ ನಲವತ್ತು, ಕಫದಿಂದ ಇಪ್ಪತ್ತು, ಹೀಗೆ 140 ರೋಗಗಳನ್ನು ಎಣಿಸಿದ್ದಾನೆ. ಅದೇ ಕ್ರಮದಲ್ಲಿ ಲೇಖಕನೂ ಉತ್ತರ ಬೆಂಗಳೂರಿಗರ 140 ಪ್ರಕೃತಿಗಳನ್ನು ನಿರ್ಧರಿಸಲು ಹೊರಟನು. ಒಂದನೆಯದು ಕಂತುಪ್ರಕೃತಿ: ಇವನ ನಿದ್ರೆಯು ಪ್ರತಿ ತಿಂಗಳು ಐದನೆಯ ತಾರೀಖಿನವರೆಗೆ ವಿಷಮವಾಗಿಯೂ ಅನಂತರ ಮಂದವಾಗಿಯೂ ಇರುವುದು. ಎರಡನೆಯದು ಲಿಫ್ಟ್‌ಪ್ರಕೃತಿ: ಇವನು ಮೊದಲ ಮಹಡಿಗೂ ಲಿಫ್ಟಿನಲ್ಲಿ ಏರಿ, ಸಂಜೆ ದುಡ್ಡು ಕೊಟ್ಟು ಜಿಮ್ಮಿನಲ್ಲಿ ಮೆಟ್ಟಿಲು ಹತ್ತುವನು. ಮೂರನೆಯದು... ಮೂರನೆಯದನ್ನು ಲೇಖಕನು ಮರೆತಿದ್ದಾನೆ. ಮಿಕ್ಕ 137ನ್ನು ವಾಚಕರು ತಮ್ಮ ತಮ್ಮ ಮೆಟ್ಟಿಲಿನಲ್ಲಿ ನಿಂತು ನೋಡಿಕೊಳ್ಳಬಹುದು. ವಿಭಾಗಕ್ರಮವನ್ನು ಇಲ್ಲಿಗೆ ಕೈಬಿಡುವುದಕ್ಕೆ ಕಾರಣವೇನೆಂದರೆ, ಹೇಳಬೇಕೆಂದು ಹೊರಟ ಮಾತು ಇದಾವುದೂ ಅಲ್ಲ.

ಹೇಳಬೇಕಾದದ್ದು ಆ ಉಪನ್ಯಾಸದ ಸಂಗತಿ. ನಮ್ಮ ವಸತಿ ಸಮುಚ್ಚಯದ ಕ್ಲಬ್‌ಹೌಸಿನಲ್ಲಿ, ಭಾನುವಾರ ಬೆಳಗ್ಗೆ, ‘ನಿತ್ಯಜೀವನದಲ್ಲಿ ಆಯುರ್ವೇದ’ ಎಂಬ ಶಿಬಿರ ನಡೆಯಿತು. ಕಿವಿಯಿಂದ ಕೆನ್ನೆಗೆ ಇಳಿದ ಮೈಕು, ರೇಷ್ಮೆಯ ಶಾಲು, ಪರದೆಯ ಮೇಲೆ ಕಮಲದ ಚಿತ್ರ; ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯ ಪೂರ್ವಾರ್ಧದ ಮೇಲೆ ಮಾತನಾಡಲು ಬಂದವರು ಉತ್ತರಾರ್ಧದಲ್ಲಿ ಪಾರಂಗತರೆಂಬುದು ಐದು ನಿಮಿಷದಲ್ಲಿಯೇ ವಿದಿತವಾಯಿತು. ನಮಗೆಲ್ಲ ಪ್ರಶ್ನಾವಳಿಯೊಂದನ್ನು ಹಂಚಿದರು. ಕೂದಲು ರೂಕ್ಷವೇ, ಸ್ನಿಗ್ಧವೇ? ಕನಸಿನಲ್ಲಿ ಆಕಾಶದಲ್ಲಿ ಹಾರಾಡುವಿರಾ? ವಾತಪ್ರಕೃತಿಯವರಿಗೆ ಹಾರಾಟದ ಕನಸು ಬೀಳುವುದೆಂದು ಶಾಸ್ತ್ರವು ಹೇಳುವುದು ನಿಜ; ಆದರೆ ವಾಯುನೆಲೆಯ ಬೇಲಿಯ ಪಕ್ಕದಲ್ಲಿ, 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ವಿಮಾನಪ್ರದರ್ಶನದ ತಾಲೀಮಿಗೆ ಕಿಟಕಿಯ ಗಾಜು ನಡುಗುವ ಯಲಹಂಕದಲ್ಲಿ, ಹಾರಾಟದ ಕನಸು ಬೀಳದವನೇ ವೈದ್ಯರನ್ನು ಕಾಣಬೇಕಾದವನು. ಫಲಿತಾಂಶ ಬಂದಾಗ ಸಭೆಯಲ್ಲಿ ಬಹುಪಾಲು ಜನ ವಾತದವರಾದರು. ವಾತಕ್ಕೆ ಹೇಳಿದ ತುಪ್ಪವು ಸಭಾಂಗಣದ ಹಿಂಬದಿಯ ಮೇಜಿನ ಮೇಲೆ ಗಾಜಿನ ಭರಣಿಗಳಲ್ಲಿ ಮೊದಲೇ ಬಂದು ಕುಳಿತಿತ್ತು.

ಅಂದಿನ ಉಪದೇಶದ ಶಿಖರವು ಮೊಸರು. ರಾತ್ರಿಯಲ್ಲಿ ಮೊಸರನ್ನು ತಿನ್ನಕೂಡದೆಂದು ಚರಕನೇ ಹೇಳಿದ್ದಾನೆಂದು ಅವರು ಘೋಷಿಸಿದರು. ನಾಲ್ಕು ತಲೆಮಾರಿನಿಂದ ಮೊಸರನ್ನದಲ್ಲಿ ರಾತ್ರಿಯ ಊಟವನ್ನು ಮುಗಿಸಿದ ಮನೆಯವನಾದ ನಾನು ಎಂಟು ದಿನ ಅದನ್ನು ಬಿಟ್ಟೆ. ಒಂಬತ್ತನೆಯ ದಿನ, ಹಸಿವಿಗಿಂತ ಹೆಚ್ಚಾಗಿ ಹಟದಿಂದ, ಮನೆಯಲ್ಲಿದ್ದ ಹಳೆಯ ಸಂಹಿತೆಯನ್ನು ಕೆಳಗಿಳಿಸಿ ಧೂಳು ಕೊಡವಿ ನೋಡಿದೆ. ಉಪನ್ಯಾಸಕರು ಸುಳ್ಳು ಹೇಳಿರಲಿಲ್ಲ. ಆ ಮಾತು ಸೂತ್ರಸ್ಥಾನದ ಏಳನೆಯ ಅಧ್ಯಾಯದ ತುದಿಯಲ್ಲಿದೆ. ತುಪ್ಪ, ಸಕ್ಕರೆ, ಹೆಸರಿನ ಕಟ್ಟು, ಜೇನು, ನೆಲ್ಲಿ ಇವುಗಳ ಜೊತೆಯಿಲ್ಲದೆ ಮೊಸರನ್ನು ಸೇವಿಸಬಾರದೆಂಬ ಮಾತೂ ಅಲ್ಲಿಯೇ ಇದೆ. ಆದರೆ ಆ ಅಧ್ಯಾಯಕ್ಕೆ ಮೊಸರಿನ ಹೆಸರಿಲ್ಲ. ಅದರ ಹೆಸರೇ ವೇಗಗಳನ್ನು ತಡೆಯಬಾರದು ಎಂಬುದು. ಬಾಲವನ್ನು ಹಿಡಿದವರು ತಲೆಯನ್ನು ಬಿಟ್ಟಿದ್ದರು.

ತಲೆಯಲ್ಲಿರುವುದು ಹದಿಮೂರು ವೇಗಗಳ ಪಟ್ಟಿ. ಮೂತ್ರ, ಮಲ, ಶುಕ್ರ, ಅಪಾನವಾಯು, ವಾಂತಿ, ಸೀನು, ತೇಗು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ, ದುಡಿತದ ಏದುಸಿರು. ಇವು ಬಂದಾಗ ತಡೆಯಬೇಡ, ತಡೆದರೆ ಇಂತಿಂಥ ರೋಗ ಬರುವುದೆಂದು ಒಂದೊಂದಕ್ಕೂ ಹೇಳಿದೆ. ಪಟ್ಟಿಯಲ್ಲಿ ಮೊದಲನೆಯದಾದ ಮೂತ್ರವನ್ನು ತಡೆದರೆ ಕಿಬ್ಬೊಟ್ಟೆಯ ಶೂಲೆ, ಉರಿಮೂತ್ರ, ತಲೆನೋವು, ವಿನಾಮ. ವಿನಾಮವೆಂದರೆ ಮೈ ಮುಂದಕ್ಕೆ ಬಾಗುವುದು.

ಅಲ್ಲಿಗೆ ಬಂದು ಪುಸ್ತಕವನ್ನು ಮುಚ್ಚಿದೆ. ಶಿಬಿರದ ದಿನ ಕ್ಲಬ್‌ಹೌಸಿನ ಬಾಗಿಲ ಬಳಿ ಗುಡಿಸುವ ಹೆಂಗಸೊಬ್ಬಳು ನಿಂತಿದ್ದಳು. ಯಾದಗಿರಿಯ ಕಡೆಯವಳು, ಬೆಳಗ್ಗೆ ಆರಕ್ಕೆ ಬಂದವಳು, ಸಭೆ ಮುಗಿದ ಮೇಲೆ ಕುರ್ಚಿ ಎತ್ತಿಡಬೇಕಾದವಳು. ನೀರು ಕುಡಿಯಲು ನಾನು ಹೊರಗೆ ಬಂದಾಗ, ಕಸಬರಿಗೆಯ ಹಿಡಿಯ ಮೇಲೆ ಎರಡೂ ಕೈ ಊರಿ, ಸೊಂಟದಿಂದ ಮುಂದಕ್ಕೆ ಬಾಗಿ, ತಗ್ಗಿದ ದನಿಯಲ್ಲಿ ಕೇಳಿದಳು: “ಇನ್ನ ಎಷ್ಟೊತ್ತಾಗ್ತದ್ರಿ ಸಾರ್?” ಬೇಸರದಿಂದ ಕೇಳುತ್ತಿದ್ದಾಳೆಂದುಕೊಂಡು, “ಇನ್ನೊಂದರ್ಧ ಗಂಟೆ ಇರಮ್ಮ” ಎಂದು ಒಳಗೆ ಹೋದೆ. ಅವಳ ಬೆನ್ನ ಹಿಂದೆಯೇ ಶೌಚಾಲಯವಿತ್ತು. ಅದರ ಬಾಗಿಲ ಮೇಲೆ ‘ನಿವಾಸಿಗಳಿಗೆ ಮಾತ್ರ’ ಎಂಬ ಫಲಕವಿತ್ತು. ಕೆಲಸದವರ ಶೌಚಾಲಯವು ಎರಡನೆಯ ನೆಲಮಾಳಿಗೆಯಲ್ಲಿದೆ. ಭಾನುವಾರ ಅದಕ್ಕೆ ಬೀಗ. ಆ ಫಲಕವನ್ನು ಹಾಕಬೇಕೆಂದು ತೀರ್ಮಾನವಾದ ಸಭೆಯಲ್ಲಿ ನಾನೂ ಇದ್ದೆ. ಕೈ ಎತ್ತಿದ್ದೆ.

ಒಳಗೆ ವಿನಾಮವೆಂಬ ಶಬ್ದವನ್ನು ಬಲ್ಲ ಪಂಡಿತರು ತುಪ್ಪದ ಬಣ್ಣವನ್ನು ವರ್ಣಿಸುತ್ತಿದ್ದರು. ಹೊರಗೆ ಆ ಶಬ್ದದ ಅರ್ಥವು ಕಸಬರಿಗೆ ಹಿಡಿದು ನಿಂತಿತ್ತು.

ಅಂದಿನಿಂದ ಆ ಹದಿಮೂರರ ಪಟ್ಟಿ ನನಗೆ ವೈದ್ಯಗ್ರಂಥದ ಪಟ್ಟಿಯಾಗಿ ಉಳಿದಿಲ್ಲ. ಈ ನಗರದ ಹಾಜರಿ ಪುಸ್ತಕವಾಗಿ ಕಾಣುತ್ತಿದೆ. ಹಸಿವು: ಬೆನ್ನಿಗೆ ಅನ್ಯರ ಅನ್ನವನ್ನು ಕಟ್ಟಿಕೊಂಡು, ಮಧ್ಯಾಹ್ನ ಮೂರಾದರೂ ತಾನು ಉಣ್ಣದೆ, ಆರ್.ಟಿ. ನಗರದ ಬೇಕರಿಯ ಮುಂದೆ ಇನ್ನೊಂದು ಆರ್ಡರಿಗೆ ಕಾಯುವ ಹುಡುಗ. ನಿದ್ರೆ: ಮಾನ್ಯತಾ ಪಾರ್ಕಿನ ರಾತ್ರಿಪಾಳಿಯವರನ್ನು ಮನೆಗೆ ಮುಟ್ಟಿಸಿ, ಹೆಬ್ಬಾಳದ ಸೇತುವೆಯ ಕೆಳಗೆ ಸ್ಟಿಯರಿಂಗಿಗೆ ತಲೆಯಿಟ್ಟು ಹತ್ತು ನಿಮಿಷ ಕದಿಯುವ ಚಾಲಕ. ಏದುಸಿರು: ಯಶವಂತಪುರದ ಮಂಡಿಯಲ್ಲಿ 50 ಕಿಲೋ ಈರುಳ್ಳಿಯ ಮೂಟೆಯನ್ನು ಹೊತ್ತು, ಬಾಗುವ ಹಲಗೆಯ ಮೇಲೆ ಲಾರಿಗೆ ಏರುವಾಗ, ಉಸಿರು ಬಿಟ್ಟರೆ ಹೆಜ್ಜೆ ತಪ್ಪುವುದೆಂದು ಅದನ್ನು ಎದೆಯಲ್ಲಿಯೇ ಹಿಡಿಯುವ ಹಮಾಲಿ. ಬಾಯಾರಿಕೆ: ಕುಡಿದರೆ ಹೋಗಬೇಕಾಗುವುದೆಂದು ಮನೆಯಿಂದ ತಂದ ನೀರನ್ನು ಮುಟ್ಟದೆ ಸೊಪ್ಪು ಮಾರುವ ಅಜ್ಜಿ. ಇವರ ಪ್ರಕೃತಿ ವಾತವೋ ಪಿತ್ತವೋ ಎಂದು ಕೇಳುವವನಿಗೆ ಏನೆನ್ನಬೇಕು? ಗಾಳಿ, ನೀರು, ನೆಲ, ಕಾಲ ಈ ನಾಲ್ಕೂ ಕೆಟ್ಟಾಗ ಬೇರೆ ಬೇರೆ ಪ್ರಕೃತಿಯ ಜನರೂ ಒಂದೇ ಬಗೆಯಲ್ಲಿ ಹಾಳಾಗುವರೆಂದೂ, ಅದರ ಮೂಲವು ನಾಡನ್ನೂ ನಗರವನ್ನೂ ನಡೆಸುವವರ ಅಧರ್ಮವೆಂದೂ ಚರಕನೇ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ನಮ್ಮ ಕೊಳಚೆಯನ್ನು ಎರಡೇ ಹಂತ ಸಂಸ್ಕರಿಸಿ, ಹೆಬ್ಬಾಳ-ನಾಗವಾರ ಕಣಿವೆಯಿಂದ ದಿನಕ್ಕೆ 210 ದಶಲಕ್ಷ ಲೀಟರಿನ ಲೆಕ್ಕದಲ್ಲಿ ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಹರಿಸಲು ಯೋಜನೆ ಮಾಡಿದ ನಾವು, ಆ ಸೀಮೆಯಿಂದಲೇ ಬರುವ ತರಕಾರಿಯನ್ನು ಕೊಂಡು, ಅದರಲ್ಲಿ ಸತ್ತ್ವಗುಣವೆಷ್ಟು, ರಜೋಗುಣವೆಷ್ಟು ಎಂದು ಶಿಬಿರದಲ್ಲಿ ಚರ್ಚಿಸುತ್ತೇವೆ.

ಶಾಸ್ತ್ರದ ಮೇಲೆ ನನಗೆ ಮುನಿಸಿಲ್ಲ. ಯಲಹಂಕದ ಸಮೀಪದ ಜಾರಕಬಂಡೆ ಕಾವಲಿನಲ್ಲಿ, 1993ರಲ್ಲಿ ಆರಂಭವಾದ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನದ ಪ್ರತಿಷ್ಠಾನವು ಔಷಧಿ ಸಸ್ಯಗಳನ್ನೂ ನಾಟಿವೈದ್ಯರ ತಿಳಿವನ್ನೂ ಕಾಪಾಡುವ ಕೆಲಸ ನಡೆಸಿಕೊಂಡು ಬಂದಿದೆ, ಅದರಾಚೆ ಜಿ.ಕೆ.ವಿ.ಕೆ.ಯ ಹೊಲಗಳಲ್ಲಿ ರಾಗಿಯ ತಳಿಗಳ ಮೇಲೆ ದುಡಿದವರಿದ್ದಾರೆ. ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿರುವ ಆ ಧಾನ್ಯವು ಯಾವ ಗಾಜಿನ ಭರಣಿಯನ್ನೂ ಬೇಡದೆ ಈ ಸೀಮೆಯನ್ನು ಸಾಕಿದೆ. ನನ್ನ ಮುನಿಸು ಅಧ್ಯಾಯವನ್ನು ಕತ್ತರಿಸಿ ಮಾರುವವರ ಮೇಲೆ; ಕೊಂಡ ನನ್ನ ಮೇಲೆ.

ಏಕೆಂದರೆ ಅದೇ ಅಧ್ಯಾಯದಲ್ಲಿ ಎರಡನೆಯ ಪಟ್ಟಿಯೊಂದಿದೆ. ತಡೆಯಲೇಬೇಕಾದ ವೇಗಗಳದು: ಲೋಭ, ಶೋಕ, ಭಯ, ಕ್ರೋಧ, ಅಹಂಕಾರ, ನಿರ್ಲಜ್ಜೆ, ಅಸೂಯೆ, ಪರರ ಸೊತ್ತಿನ ಆಸೆ. ಶೋಕವನ್ನು ತಡೆ, ಕಣ್ಣೀರನ್ನು ತಡೆಯಬೇಡ ಎಂದು ಇಷ್ಟು ಸೂಕ್ಷ್ಮವಾಗಿ ಗೆರೆ ಎಳೆದವನ ಗ್ರಂಥವದು. ನಾವು ಎರಡು ಪಟ್ಟಿಗಳನ್ನೂ ಅದಲುಬದಲು ಮಾಡಿಕೊಂಡಿದ್ದೇವೆ. ಲೋಭಕ್ಕೆ ಆರು ಪಥದ ರಸ್ತೆ, ಮೂತ್ರಕ್ಕೆ ಬೀಗ.

ಕ್ರೋಧವೂ ಎರಡನೆಯ ಪಟ್ಟಿಯಲ್ಲಿದೆಯೆಂಬುದನ್ನು ಲೇಖಕನು ಬಲ್ಲನು. ಕಳೆದ ಕೆಲವು ಪುಟಗಳಲ್ಲಿ ಪಥ್ಯವು ಕೆಟ್ಟದ್ದಕ್ಕೆ ಕ್ಷಮೆ ಬೇಡುತ್ತಾನೆ. ರಾತ್ರಿ ಮೊಸರನ್ನವನ್ನು ಪುನಃ ಆರಂಭಿಸಿದ್ದಾನೆ. ಸಂಘದ ಮಾಸಿಕ ಸಭೆಯಲ್ಲಿ, ನೀರಿನ ಟ್ಯಾಂಕರಿನ ದರ ಮತ್ತು ಗಣಪತಿಯ ಚಂದಾ ಮುಗಿದ ಮೇಲೆ, ‘ಇತರ ವಿಷಯಗಳು’ ಎಂಬಲ್ಲಿ, ಆ ಫಲಕದ ಮಾತೆತ್ತಿದ್ದಾನೆ. ಕೂಲಂಕಷವಾಗಿ ಪರಿಶೀಲಿಸಿ ಮುಂದಿನ ಸಭೆಯಲ್ಲಿ ನೋಡೋಣವೆಂದು ನಡಾವಳಿಯಲ್ಲಿ ಬರೆದುಕೊಂಡಿದ್ದಾರೆ. ಸಂಹಿತಾಕಾರರು ಅಧ್ಯಾಯದ ಕೊನೆಯಲ್ಲಿ ‘ಇತಿ’ ಎಂದು ಬರೆಯುವುದು ರೂಢಿ. ಫಲಕ ಇನ್ನೂ ಅಲ್ಲಿಯೇ ಇದೆ, ಆದುದರಿಂದ ಬರೆದಿಲ್ಲ.