ಮಗುವಿಗೊಂದು ಸಿಲಬಸ್

ಮಗಳಿಗೆ ಎರಡು ತುಂಬುವ ಹೊತ್ತಿಗೆ ನಮ್ಮ ಮನೆಯಲ್ಲಿ ಅವಳನ್ನು ಬೆಳೆಸುವ ಮೂರು ಪಂಥಗಳು ಬೇರುಬಿಟ್ಟಿದ್ದವು. ಹೆಂಡತಿಯದು ಮಾಂಟೆಸರಿ. ಅಮ್ಮನದು ಬಜೆ. ನನ್ನದು, ಅವರಿಬ್ಬರೂ ಪಕ್ಕದಲ್ಲಿಲ್ಲದಾಗ, ಯೂಟ್ಯೂಬ್.

ಮರಿಯಾ ಮಾಂಟೆಸರಿ 1907ರಲ್ಲಿ ರೋಮಿನ ಸಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ ಮೊದಲ ಶಾಲೆ ತೆರೆದರು. ಅಪ್ಪ ಅಮ್ಮ ಕೆಲಸಕ್ಕೆ ಹೋದಾಗ ಮಕ್ಕಳು ಗೋಡೆ ಮೆಟ್ಟಿಲು ಹಾಳುಮಾಡದಿದ್ದರೆ ಸಾಕು ಎಂಬುದು ಕಟ್ಟಡದವರ ಆಸೆ. ಆ ಪದ್ಧತಿ ನಮ್ಮ ಬಡಾವಣೆ ತಲುಪುವಷ್ಟರಲ್ಲಿ ಬಡವರು ಎಲ್ಲಿ ಇಳಿದುಹೋದರೋ, ಫೀಸಿನ ರಸೀತಿ ನೋಡಿದರೆ ಅವರ ಸುಳಿವಿಲ್ಲ. ಗೋಡೆಯಂತೂ ನಮ್ಮಲ್ಲಿ ಉಳಿದಿಲ್ಲ.

ಮನೆಗೂ ಒಂದು ಪಿಂಕ್ ಟವರ್ ಬಂತು. ಒಂದರಿಂದ ಹತ್ತು ಸೆಂಟಿಮೀಟರ್‌ವರೆಗಿನ ಹತ್ತು ಗುಲಾಬಿ ಬಣ್ಣದ ಮರದ ಘನಗಳು. ದೊಡ್ಡದರ ಮೇಲೆ ಚಿಕ್ಕದು ಪೇರಿಸುತ್ತಾ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳಬೇಕು. "ರೀ, ನೀವು ಹೇಳಿಕೊಡಬೇಡಿ" ಎಂದು ನನಗೆ ಕಟ್ಟಪ್ಪಣೆಯಾಯಿತು. ಮಗಳು ಎಲ್ಲಕ್ಕಿಂತ ಚಿಕ್ಕದನ್ನು ಸೋಫಾದಡಿಗೆ ಎಸೆದಳು. ಅದನ್ನು ತೆಗೆಯಲು ನಾನು ಬೋರಲು ಮಲಗಿದಾಗ ಉಳಿದ ಒಂಬತ್ತನ್ನೂ ನನ್ನ ಬೆನ್ನಮೇಲೆ ಪೇರಿಸಿದಳು. ಕ್ರಮ ಸರಿಯಾಗಿತ್ತೆಂದು ಹೆಂಡತಿ ಆಮೇಲೆ ಹೇಳಿದಳು. ನನಗೆ ಕಂಡದ್ದು ನೆಲ ಮಾತ್ರ.

ಅಮ್ಮನ ಶಾಸ್ತ್ರ ಸರಳ. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಸ್ಪಷ್ಟವಾಗುತ್ತದೆ. ಮಕ್ಕಳ ಡಾಕ್ಟರು ಖಡಾಖಂಡಿತ ಬೇಡ ಅಂದರು. "ಇವನಿಗೂ ಹಚ್ಚಿದ್ದೆ, ಅದಕ್ಕೇ ಇಷ್ಟು ಮಾತಾಡ್ತಾನೆ" ಎಂದು ಅಮ್ಮ ಸಾಕ್ಷಿ ಒದಗಿಸಿದಳು. ಅಂದಿನಿಂದ ನನ್ನ ಹೆಂಡತಿ ಬಜೆಯ ಕಡುವಿರೋಧಿ.

ಹಾಗೆಂದು ಅಮ್ಮನನ್ನು ನೋಡಿ ನಗುವ ಧೈರ್ಯ ನನಗಿಲ್ಲ. 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಬಂತು: ಮೊಜಾರ್ಟನ ಸೊನಾಟಾವನ್ನು ಹತ್ತು ನಿಮಿಷ ಕೇಳಿದ ಕಾಲೇಜು ವಿದ್ಯಾರ್ಥಿಗಳು ಆಕಾರಗಳ ಒಗಟು ಬಿಡಿಸುವುದರಲ್ಲಿ ತುಸು ಚುರುಕಾದರು. ಆ ಚುರುಕು ಕಾಲು ಗಂಟೆಯೊಳಗೆ ಇಳಿದೂ ಹೋಯಿತು. ಅವರಲ್ಲಿ ಒಂದಾದರೂ ಕೂಸು ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಜೆಲ್ ಮಿಲ್ಲರ್, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತ ಹಂಚಲು 1,05,000 ಡಾಲರ್ ಕೇಳಿದರು. ಅಮ್ಮನ ಬಜೆಗೆ ಅಂಥ ಬಜೆಟ್ ಎಲ್ಲಿಂದ ಬರಬೇಕು?

ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆ ಮಾತ್ರ ನನಗೆ ಹತ್ತಿರದವನು. ತನ್ನ ಮೂವರು ಮಕ್ಕಳ ಮುಂದೆ ಆಟಿಕೆಯನ್ನು ಬಟ್ಟೆಯಡಿ ಮುಚ್ಚಿಟ್ಟು, ಹುಡುಕುತ್ತವೋ ಇಲ್ಲವೋ ಎಂದು ಬರೆದಿಟ್ಟುಕೊಂಡ ಅಪ್ಪ. ನಮ್ಮಲ್ಲಿ ಬಚ್ಚಿಡುವವಳು ಮಗಳು, ಹುಡುಕುವವನು ನಾನು. ಟೀವಿ ರಿಮೋಟು ಕಣ್ಣಿಗೆ ಕಾಣದಿದ್ದರೂ ಈ ಲೋಕದಲ್ಲಿ ಎಲ್ಲೋ ಇದೆ ಎಂಬ ಅರಿವಿನ ಹಂತವನ್ನು ನಾನು ದಾಟಿದ್ದೇನೆ. ಬೆಳವಣಿಗೆಯನ್ನು ಬೇಗ ಮಾಡಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಪಿಯಾಜೆ ಅದನ್ನು 'ಅಮೆರಿಕದ ಪ್ರಶ್ನೆ' ಎನ್ನುತ್ತಿದ್ದನಂತೆ. ಪಾಪ, ಅವನು ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟು ಹತ್ತಿರಲಿಲ್ಲ.

ಮೊನ್ನೆ ಐದನೇ ಮಹಡಿಯವರು ಸಿಕ್ಕರು. "ನಿಮ್ಮ ಮಗಳು ಕಲರ್ಸ್ ಹೇಳ್ತಾಳಾ ಸಾರ್? ನಮ್ಮವನು ಹನ್ನೊಂದು ಹೇಳ್ತಾನೆ." ಹನ್ನೊಂದು ಬಣ್ಣದ ಆ ಹುಡುಗ ಅಷ್ಟರಲ್ಲಿ ಲಿಫ್ಟಿನ ಕನ್ನಡಿ ನೆಕ್ಕತೊಡಗಿದ್ದ. ನನ್ನ ಮಗಳು ಪಕ್ಕದಲ್ಲಿ ನಿಂತು, ಪಿಂಕ್ ಟವರಿಗೆ ಎಂದೂ ಕೊಡದಷ್ಟು ಗಮನಕೊಟ್ಟು ನೋಡುತ್ತಿದ್ದಳು.