ಭರಣಿಯ ಭಾಗ್ಯ

ಪುಣೆಯ ಲಕ್ಷ್ಮೀ ರಸ್ತೆಯ ಅಂಗಡಿಯೊಂದರಿಂದ, ಭೂಮಾತೆಯ ಉದ್ಧಾರಕ್ಕಾಗಿಯೇ ಅವತರಿಸಿದುದೆಂದು ಮೈತುಂಬ ಬರೆಯಿಸಿಕೊಂಡು ಬಿದಿರಿನ ಮುಚ್ಚಳವನ್ನು ಕಿರೀಟದಂತೆ ಧರಿಸಿದ್ದ ಗಾಜಿನ ಭರಣಿಯೊಂದನ್ನು ನನ್ನ ಅರ್ಧಾಂಗಿಯು ಕೊಂಡು ತಂದಾಗ, ಒಳಗಣ ಮುಖಲೇಪನವು ವಾಮನನಾಗಿಯೂ ಬೆಲೆಯು ತ್ರಿವಿಕ್ರಮನಾಗಿಯೂ ಇದ್ದುದನ್ನು ಕಂಡು ನಾನು ಮೌನವನ್ನಾಶ್ರಯಿಸಿದೆನು. ಗೃಹಸ್ಥನಿಗೆ ಅದಕ್ಕಿಂತ ಅಗ್ಗದ ಪ್ರಸಾಧನವಿಲ್ಲ. ಧಾರವಾಡದಿಂದ ಬಂದಿದ್ದ ಅತ್ತೆಯವರಿಗೆ ಆ ನಿರ್ಬಂಧವಿರಲಿಲ್ಲ: “ಮಾರಿಗೆ ಹಚ್ಕೊಳ್ಳಿಕ್ಕೆ ತಂದೀಯೋ, ಪೂಜಾಕ್ಕಿಡ್ಲಿಕ್ಕೆ ತಂದೀಯೋ?”

ಆದರೂ ಗಾಜಿನ ಭರಣಿಯ ಪರವಾಗಿ ಒಂದು ಮಾತುಂಟು: ಮಹಾರಾಷ್ಟ್ರ ಸರ್ಕಾರವು 2018ರಲ್ಲಿ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತಾದರೂ, ಹಲವು ಪದರಗಳನ್ನು ಬೆಸೆದು ಮಾಡಿದ ಲೇಪನದ ಟ್ಯೂಬು ಇಂದಿಗೂ ಚಿರಂಜೀವಿಯೇ. ಈ ಊರಿನ ಚಿಂದಿ ಆಯುವವರು 1993ರಲ್ಲಿ ಕಟ್ಟಿಕೊಂಡ ಸಂಘದ ಹೆಸರೇ ‘ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್’. ಕಾಗದ, ಗಾಜು, ತಗಡುಗಳಿಗೆ ಅಲ್ಲಿ ನಾಮಕರಣದ ಗೌರವವುಂಟು, ಪಾಪ, ಟ್ಯೂಬಿಗಿಲ್ಲ.

ದೀಪಾವಳಿಯ ಅಭ್ಯಂಗಕ್ಕೆ ಇಲ್ಲಿನವರು ಪೂಸಿಕೊಳ್ಳುವ ‘ಉಟಣೆ’ಯೆಂಬ ಪರಿಮಳದ ಪುಡಿಯನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿಸಿ ತಂದರೆ, ಭೂಮಾತೆಯೂ ಕಿಸೆಯೂ ಏಕಕಾಲದಲ್ಲಿ ಉದ್ಧಾರವಾಗುವುವೆಂದು ನಾನು ಉಪನ್ಯಾಸ ಮಾಡಿದೆನು. ಅತ್ತೆಯವರು ತಲೆದೂಗಿ, ಬರಿದಾದ ಭರಣಿಯನ್ನು ತೊಳೆದು ಅದರಲ್ಲಿ ಇಂಗನ್ನು ತುಂಬಿಟ್ಟರು. ಮರುದಿನ ಕನ್ನಡಕವಿಲ್ಲದೆ ಕ್ಷೌರಕ್ಕೆ ಕುಳಿತ ನಾನು ಅದೇ ಭರಣಿಗೆ ಬೆರಳಿಕ್ಕಿದೆನು. ಕಚೇರಿಯಲ್ಲಿ ಆ ದಿನ ಎಲ್ಲರೂ ಸಾರಿನ ವಿಷಯವನ್ನೇ ಮಾತನಾಡುತ್ತಿದ್ದರು.