ದೊಡ್ಡ ಡಾಕ್ಟರು ಸರ್ಕೀಟಿನಲ್ಲಿದ್ದಾರೆ

ಜಿಲ್ಲಾ ಆಸ್ಪತ್ರೆಗೆ ಎಷ್ಟು ವೈದ್ಯರು ಬೇಕೆಂದು ತಿಳಿಯಲು ಈಗಿನವರು ಸಮಿತಿಯ ಮೇಲೆ ಸಮಿತಿ ಕೂರಿಸುತ್ತಾರೆ. ಬ್ರಿಟಿಷರು ಇದನ್ನು ಎಂದೋ ಬಗೆಹರಿಸಿದ್ದರು: ಒಬ್ಬರು ಸಾಕು, ಅವರೂ ಆಸ್ಪತ್ರೆಯಲ್ಲಿ ಇರಲೇಬೇಕೆಂದಿಲ್ಲ.

ಆ ಒಬ್ಬರೇ ಸಿವಿಲ್ ಸರ್ಜನ್. ಧಾರವಾಡವಾಗಲಿ, ಬಿಜಾಪುರವಾಗಲಿ, ಸಾಮಾನ್ಯವಾಗಿ ಇಂಡಿಯನ್ ಮೆಡಿಕಲ್ ಸರ್ವಿಸ್‌ನ ಮೇಜರೋ ಕ್ಯಾಪ್ಟನ್ನೋ. ಆಸ್ಪತ್ರೆಯ ಜೊತೆಗೆ ಅನೇಕ ಕಡೆ ಜೈಲಿನ ಉಸ್ತುವಾರಿ, ಶವಪರೀಕ್ಷೆ, ಕೋರ್ಟಿನಲ್ಲಿ ಸಾಕ್ಷಿ, ದವಾಖಾನೆಗಳ ತಪಾಸಣೆಗೆ ಸರ್ಕೀಟು, ಕಲೆಕ್ಟರರ ದೊರೆಸಾನಿಯ ನೆಗಡಿ. ಹೊತ್ತು ಉಳಿದರೆ ಖಾಸಗಿ ಪ್ರಾಕ್ಟೀಸು. ಅದಕ್ಕೆ ಸರ್ಕಾರದ ಒಪ್ಪಿಗೆಯೂ ಇತ್ತು. ಯುದ್ಧ ಬಂದರೆ ಸೈನ್ಯಕ್ಕೆ ವಾಪಸು, 1914ರಲ್ಲಿ ಅನೇಕರು ಹಾಗೇ ಹೋದರು. ಜಿಲ್ಲೆಯ ಆರೋಗ್ಯವೆಂದರೆ ಸೈನ್ಯ ಕೊಟ್ಟ ಕೈಸಾಲ. ನೇಮಕಾತಿಯಲ್ಲಿ ಭೇದಭಾವವಿತ್ತೆಂಬುದು ಸುಳ್ಳು. 1855ರಿಂದ ಭಾರತೀಯರೂ ಪರೀಕ್ಷೆಗೆ ಕೂರಬಹುದಿತ್ತು. ಪರೀಕ್ಷೆ ಲಂಡನ್ನಿನಲ್ಲಿ ಎಂಬುದು ಸಣ್ಣ ವಿವರ. ಸಮುದ್ರ ದಾಟಬೇಡಿ ಅಂದದ್ದು ನಮ್ಮ ಮಡಿವಂತರು, ಸರ್ಕಾರವಲ್ಲ.

ಹಾಗಾದರೆ ರೋಗಿಗಳನ್ನು ನೋಡುತ್ತಿದ್ದವರು ಯಾರು? ಹಾಸ್ಪಿಟಲ್ ಅಸಿಸ್ಟೆಂಟ್ ಎಂಬ ದೇಶೀಯರು. ಅವರು ಬರೆದುಕೊಟ್ಟ ಚೀಟಿ ನೋಡಿ ಕಂಪೌಂಡರು, ರೋಗಿ ಮನೆಯಿಂದ ತಂದ ಶೀಶೆಗೆ ಮಿಕ್ಸ್ಚರ್ ಸುರಿದು, ಅಂಚು ಕಚ್ಚುಕಚ್ಚಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಓದುಬಾರದವರೂ ಹೊತ್ತಿಗೊಂದು ಕಚ್ಚಿನಷ್ಟು ಕುಡಿಯಬಹುದಿತ್ತು. ಇಡೀ ಇಲಾಖೆಯಲ್ಲಿ ಯಾರಿಗೆ ಎಷ್ಟು ಎಂದು ಸ್ಪಷ್ಟವಾಗಿ ಗುರುತು ಮಾಡಿದ್ದು ಆ ಶೀಶೆಯ ಮೇಲೆ ಮಾತ್ರ.

ಉಳಿದಂತೆ ಸೂತ್ರ ಸರಳ. ರೋಗಿ ಗುಣವಾದರೆ ವಾರ್ಷಿಕ ವರದಿಗೆ ಸಹಿ ಹಾಕಿದವರ ಕೀರ್ತಿ. ಸತ್ತರೆ ಅಸಿಸ್ಟೆಂಟಿನ ಅಜಾಗರೂಕತೆ.

ಇದಕ್ಕೊಂದು ಅಪವಾದವಿದೆ, ವಿಷಯತಜ್ಞನಾಗಿ ನಾನು ಮುಚ್ಚಿಡಲಾರೆ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಪ್ಲೇಗ್ ಲಸಿಕೆ ಹಾಕಿಸಿಕೊಂಡ 19 ಜನ ಧನುರ್ವಾಯುವಿನಿಂದ ಸತ್ತರು. ಶೀಶೆ ತೆರೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಸೂತ್ರದ ಪ್ರಕಾರ ವಿಚಾರಣೆ ಅಲ್ಲಿಗೇ ಮುಗಿಯಬೇಕು. ಆದರೆ ತಪ್ಪು ಮೇಲಕ್ಕೆ ಹತ್ತುತ್ತಾ ಬೊಂಬಾಯಿಯ ಪ್ರಯೋಗಾಲಯಕ್ಕೆ ಹೋಗಿ, ಲಸಿಕೆ ಕಂಡುಹಿಡಿದ ವಾಲ್ಡೆಮಾರ್ ಹಾಫ್‌ಕಿನ್ ಅವರನ್ನೇ ಹುದ್ದೆಯಿಂದ ಇಳಿಸಿತು. ಕೂಲಂಕಷವಾಗಿ ನೋಡಿದರೆ ಇದು ಅಪವಾದವೇ ಅಲ್ಲ: ಹಾಫ್‌ಕಿನ್ ಒಡೆಸ್ಸಾದ ಯೆಹೂದಿ, ಓದಿದ್ದು ಪ್ರಾಣಿಶಾಸ್ತ್ರ, ಸರ್ವಿಸ್‌ನವರಲ್ಲ. ಅವರು ನಿರ್ದೋಷಿ ಎಂದು ಗೊತ್ತಾಗುವಷ್ಟರಲ್ಲಿ 1907 ಬಂದಿತ್ತು. ಮತ್ತೆ ಕೆಲಸ ಕೊಟ್ಟರು, ಕಲ್ಕತ್ತೆಯಲ್ಲಿ. ಬೊಂಬಾಯಿಯ ಪ್ರಯೋಗಾಲಯಕ್ಕೆ ಅವರ ಹೆಸರಿಟ್ಟದ್ದು 1925ರಲ್ಲಿ, ಅವರು ಭಾರತ ಬಿಟ್ಟು ಸುಮಾರು ಹತ್ತು ವರ್ಷವಾದ ಮೇಲೆ. ಅಷ್ಟರಲ್ಲಿ ಸಂಬಳದ ಪ್ರಶ್ನೆ ಉಳಿದಿರಲಿಲ್ಲ.